ಡೇಟ್ ಬಾರ್ ಆದ ರೀಲು, ಬೋರಿನ ನೀರು

ಇತ್ತೀಚೆಗೆ ಒಂದು ಭಾನುವಾರ ಸಂಜೆ ದಾವಣಗೆರೆಯಲ್ಲಿ ಫೋಟೋ ಹುಚ್ಚು ಹಿಡಿದ ಮೂವತ್ತು ಜನರ ಮುಂದೆ ಮಾತಾಡಿದ್ದೆ. ಇದು ಅದರ ಬರಹ ರೂಪ. ಆಗ ನೆನಪಿಗೆ ಬಾರದ ಒಂದೆರಡು ಅಳತೆ ಸೇರಿಸಿದ್ದೇನೆ. ಮೈಕ್ ಕೈಕೊಟ್ಟಾಗ ಹೊತ್ತು ಕಳೆಯಲು ಹೇಳಿದ್ದನ್ನೆಲ್ಲ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಈ ಡಬ್ಬ ನೋಡಿ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಬಿಸ್ಕತ್ತಿನ ತಗಡಿನ ಡಬ್ಬ, ಮುಚ್ಚಳದ ಅಂಚು ತುಕ್ಕು ಹಿಡಿದಿದೆ. ನನ್ನ ಸೋದರಮಾವ ಹರಿಹರದಲ್ಲಿ ಸ್ಟುಡಿಯೊ ಇಟ್ಟಿದ್ದರು. ಅಂಗಡಿ ಮುಚ್ಚಿ ಹದಿನೈದು ವರ್ಷ ದಾಟಿತು. ಹೋದ ವರ್ಷ ಅವರ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅಟ್ಟದಿಂದ ಈ ಡಬ್ಬ ಇಳಿಯಿತು. ಗುಜರಿಗೆ ಹಾಕಲು ಹೊರಟಿದ್ದರು, ನಾನು ಎತ್ತಿಕೊಂಡು ಬಂದೆ.

ಒಳಗೆ 14 ರೀಲು. ಒಂಬತ್ತು ಕಪ್ಪು ಬಿಳುಪಿನವು, ಓರ್ವೊ ಕಂಪನಿಯ ಎನ್‌ಪಿ 22. ಪೂರ್ವ ಜರ್ಮನಿಯ ವೋಲ್ಫೆನ್ ಊರಿನ ಮಾಲು. ಒಂದು ಕಾಲದಲ್ಲಿ ನಮ್ಮ ಕಡೆಯ ಸ್ಟುಡಿಯೊದವರ ಅನ್ನ ಇದು. ಡಬ್ಬಿ ಮೇಲೆ 1992 ಅಂತಿದೆ. ಮೂರು ಕಲರ್ ರೀಲು, 2004ಕ್ಕೆ ಮುಗಿದವು. ಒಂದು 'ಇಂದು'. ಊಟಿಯಲ್ಲಿ 1960ರಲ್ಲಿ ಶುರುವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸರ್ಕಾರಿ ಕಾರ್ಖಾನೆಯ ಬ್ರ್ಯಾಂಡ್ ಅದು. ಇಂದು ಅಂದರೆ ಚಂದ್ರ, ಬೆಳ್ಳಿ ಬಣ್ಣದವನು. ಕನ್ನಡದಲ್ಲಿ ಇಂದು ಅಂದರೆ ಈ ದಿನ. ಡೇಟ್ ಬಾರ್ ಆದ ರೀಲಿನ ಮೇಲೆ 'ಇಂದು' ಅಂತ ಓದುವಾಗ ನಗು ಬರುತ್ತದೆ. ಹದಿನಾಲ್ಕನೆಯದರ ಕತೆ ಆಮೇಲೆ ಹೇಳುತ್ತೇನೆ.

ಇವುಗಳನ್ನು ಕಾಫಿಯಲ್ಲಿ ತೊಳೆಯುತ್ತೇನೆ ಅಂದಾಗ ಮಾವ ನನ್ನ ಮುಖ ನೋಡಿದರು. "ತಲೆ ನೆಟ್ಟಗಿದೆಯೇನಪ್ಪಾ?" ಅಂದರು. ತೊಳೆಯೋದು ಅನ್ನೋ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು ಅಲ್ವಾ? ರೀಲು ತೊಳೆಸಿದ್ರಾ, ಫೋಟೋ ತೊಳೆಸಿದ್ರಾ ಅಂತಲೇ ಕೇಳುತ್ತಿದ್ದೆವು. ಡೆವಲಪ್ ಅನ್ನೋ ಪದಕ್ಕಿಂತ ನನಗೆ ಇದೇ ಸರಿ ಅನಿಸುತ್ತದೆ. ಈ ಕೆಲಸದಲ್ಲಿ ಮುಕ್ಕಾಲು ಪಾಲು ನೀರಿನದ್ದೇ. ಇದು ನನಗೆ ಅರ್ಥವಾಗಲು ಐದು ರೀಲು ಹಾಳಾಗಬೇಕಾಯಿತು. ಇವತ್ತು ಆ ಐದು ರೀಲಿನ ಲೆಕ್ಕ ಒಪ್ಪಿಸುತ್ತೇನೆ.

ರೀಲು ಯಾಕೆ ಹಳತಾಗುತ್ತದೆ? ಫಿಲ್ಮಿನ ಮೇಲೆ ಜೆಲಟಿನ್ ಪದರ ಇರುತ್ತದೆ, ಅದರೊಳಗೆ ಬೆಳ್ಳಿಯ ಉಪ್ಪಿನ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳನ್ನು ಡೆವಲಪರ್ ಅನ್ನುವ ರಸಾಯನ ಬೆಳ್ಳಿ ಮಾಡುತ್ತದೆ, ಕಪ್ಪಾಗಿ ಕಾಣುತ್ತದೆ. ಬೆಳಕು ಬೀಳದ ಹರಳು ಸುಮ್ನೆ ಕೂತಿರಬೇಕು. ಆದರೆ ವರ್ಷಗಟ್ಟಲೆ ಬಿಸಿಲಿನ ಝಳ ತಿಂದರೆ, ಆಕಾಶದಿಂದ ನೆಲದಿಂದ ಬರುವ ವಿಕಿರಣ ತಿಂದರೆ, ಬೆಳಕು ಕಾಣದ ಹರಳೂ ಕಪ್ಪಾಗುವ ಬುದ್ಧಿ ಕಲಿಯುತ್ತದೆ. ಇದಕ್ಕೆ ಫಾಗ್ ಅನ್ನುತ್ತೇವೆ, ಇಡೀ ನೆಗೆಟಿವ್ ಮೇಲೆ ಮಂಜು ಕವಿದ ಹಾಗೆ. ಫಿಲ್ಮಿನ ವೇಗ ಅಂದರೆ ಅದು ಬೆಳಕಿಗೆ ಎಷ್ಟು ಚುರುಕು ಅನ್ನುವ ನಂಬರು. 400ರಂಥ ವೇಗದ ಫಿಲ್ಮಿನಲ್ಲಿ ದೊಡ್ಡ ಹರಳು, ಬೇಗ ಕೆಡುತ್ತದೆ. ನಿಧಾನದ ಫಿಲ್ಮು ಜಾಸ್ತಿ ದಿನ ತಾಳುತ್ತದೆ. ಕಲರ್‌ನಲ್ಲಿ ಮೂರು ಪದರ ಮೂರು ರೀತಿ ಕೆಡುತ್ತವೆ, ಅದಕ್ಕೇ ಹಳೆ ಕಲರ್ ರೀಲಿನಲ್ಲಿ ಚಿತ್ರ ಎತ್ತೆತ್ತಲೋ ವಾಲಿಕೊಳ್ಳುತ್ತದೆ.

ಒಂದು ಕತೆ ಹೇಳಲೇಬೇಕು. 1897ರಲ್ಲಿ ಸ್ವೀಡನ್ನಿನ ಆಂಡ್ರೇ ಅನ್ನುವವನು ಇಬ್ಬರನ್ನು ಕರೆದುಕೊಂಡು ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟ. ಮೂವರೂ ವಾಪಸ್ ಬರಲಿಲ್ಲ. 1930ರಲ್ಲಿ ಹಿಮದ ದ್ವೀಪವೊಂದರಲ್ಲಿ ಅವರ ದೇಹಗಳ ಜೊತೆ ತೊಳೆಯದ ಫಿಲ್ಮೂ ಸಿಕ್ಕಿತು. ಸ್ಟಾಕ್‌ಹೋಮ್‌ನಲ್ಲಿ ಜಾನ್ ಹರ್ಟ್ಸ್‌ಬರ್ಗ್ ಅನ್ನುವವರು ಅದನ್ನು ತೊಳೆದು 93 ಚಿತ್ರ ಉಳಿಸಿದರು. 33 ವರ್ಷ ಹಿಮದಲ್ಲಿ ಇದ್ದದ್ದಕ್ಕೆ ಅಷ್ಟು ಉಳಿಯಿತು. ನನ್ನ ಮಾವನ ರೀಲಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಆದರೆ ಇದ್ದದ್ದು ಎಲ್ಲಿ? ಹರಿಹರದಲ್ಲಿ, ತಗಡಿನ ಸೂರಿನ ಕೆಳಗಿನ ಅಟ್ಟದಲ್ಲಿ. ಏಪ್ರಿಲ್‌ನಲ್ಲಿ ಅಲ್ಲಿ ಹಪ್ಪಳ ಸುಡಬಹುದು.

ಹಾಗಾಗಿ ಲೆಕ್ಕ ಹೀಗೆ ಹಾಕಿದೆ. ಹಳೆ ರೀಲಿಗೆ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಬೆಳಕು ಜಾಸ್ತಿ ಕೊಡಬೇಕು ಅನ್ನೋದು ವಾಡಿಕೆ. ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು. ಬರೀ ಅಂದಾಜು, ಶಾಸನ ಅಲ್ಲ. ಎನ್‌ಪಿ 22 ಅಂದರೆ 125ರ ವೇಗದ ರೀಲು, ಮೂವತ್ತು ವರ್ಷ, ಮೂರು ಸ್ಟಾಪ್. 125 ಹೋಗಿ 64, 32, ಕೊನೆಗೆ 16. ಅಂದರೆ ನೆತ್ತಿ ಸುಡುವ ಬಿಸಿಲಿನಲ್ಲೂ ಲೆನ್ಸಿನ ಕಿಂಡಿ ಎಫ್ 5.6 ಇಟ್ಟು ಸೆಕೆಂಡಿನ 125ನೇ ಒಂದು ಭಾಗ. ಇಡೀ ರೀಲು ಹೊಡೆದು ಆಮೇಲೆ ಅಳಬೇಡಿ. ಕತ್ತಲಲ್ಲಿ ಒಂದು ಗೇಣು ಕತ್ತರಿಸಿ, ಅದನ್ನು ಮೊದಲು ತೊಳೆದು ನೋಡಿ.

ಕತ್ತಲು ಅಂದರೆ ಪೂರ್ತಿ ಕತ್ತಲು. ಸಿನಿಮಾದಲ್ಲಿ ತೋರಿಸುವ ಕೆಂಪು ದೀಪ ಪ್ರಿಂಟ್ ಹಾಕುವ ಕಾಗದಕ್ಕೆ ಮಾತ್ರ, ಈ ಫಿಲ್ಮಿಗೆ ಅದೂ ಆಗದು. ನನ್ನ ಹತ್ತಿರ ಡಾರ್ಕ್‌ರೂಮ್ ಇಲ್ಲ. ರಾತ್ರಿ ಬಚ್ಚಲುಮನೆಯಲ್ಲಿ ದೀಪ ಆರಿಸಿ, ಅಜ್ಜಿ ಹೊಲಿದ ಕೌದಿಯೊಳಗೆ ಕೈ ತೂರಿಸಿ ರೀಲನ್ನು ಬೆಳಕು ನುಗ್ಗದ ತೊಳೆಯುವ ಟ್ಯಾಂಕಿಗೆ ಸುತ್ತುತ್ತೇನೆ. ಮುಚ್ಚಳ ಬಿದ್ದರೆ ಮುಗಿಯಿತು, ಮಿಕ್ಕಿದ್ದೆಲ್ಲ ಬೆಳಕಲ್ಲೇ.

ಈಗ ಕಾಫಿ. 1995ರಲ್ಲಿ ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ಕಾಟ್ ವಿಲಿಯಮ್ಸ್ ಅನ್ನುವ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳ ಜೊತೆ ಸೇರಿ ಕಾಫಿಯಿಂದ ಡೆವಲಪರ್ ಮಾಡಿದರು. ಕೆಫೆನಾಲ್ ಅಂತ ಹೆಸರು. ಕೆಲಸ ಮಾಡುವುದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಕ್ ಆಮ್ಲ. ಆಮೇಲೆ ಬಂದವರು ವಿಟಮಿನ್ ಸಿ ಸೇರಿಸಿದರು, ಜೋರಾಯಿತು. ಒಂದು ಲೀಟರ್ ನೀರಿಗೆ 54 ಗ್ರಾಂ ವಾಷಿಂಗ್ ಸೋಡಾ, 16 ಗ್ರಾಂ ವಿಟಮಿನ್ ಸಿ, 40 ಗ್ರಾಂ ಇನ್‌ಸ್ಟಂಟ್ ಕಾಫಿ ಪುಡಿ. 20 ಡಿಗ್ರಿಯಲ್ಲಿ 15 ನಿಮಿಷ. ಹಳೆ ರೀಲಾದರೆ ಫಾಗ್ ತಡೆಯಲು 1 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್. ಅದು ಸಿಗದಿದ್ದರೆ 10 ಗ್ರಾಂ ಅಯೋಡಿನ್ ಉಪ್ಪು, ಅಡುಗೆಮನೆಯದ್ದೇ. ಮೊದಲು ಸೋಡಾ, ಆಮೇಲೆ ವಿಟಮಿನ್, ಕೊನೆಗೆ ಕಾಫಿ. ನೊರೆ ಇಳಿಯಲು ಐದು ನಿಮಿಷ ಬಿಡಿ. ನಾಳೆಗೆ ಅಂತ ಎತ್ತಿಡಬೇಡಿ, ಅರ್ಧ ಗಂಟೆಯೊಳಗೆ ಬಳಸಿ.

ಕಾಫಿ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಅಗ್ಗದ್ದು, ರೊಬಸ್ಟಾ ಜಾಸ್ತಿ ಇರುವುದು, ಚಿಕೋರಿ ಬೆರೆಸದ್ದು. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ. ಫಿಲ್ಟರ್ ಡಿಕಾಕ್ಷನ್ ಬೇಡ, ಅದರ ಕಡುಪು ಪ್ರತಿ ಸಲ ಬೇರೆ. ಚಿಕ್ಕಮಗಳೂರಿನ ಒಳ್ಳೆ ಪುಡಿ ಇದ್ದರೆ ಕುಡಿಯಿರಿ, ರೀಲಿಗೆ ಸುರಿಯಬೇಡಿ. ವಾಸನೆ ಮಾತ್ರ ಹೇಳತೀರದು. ಸೋಡಾ ಮತ್ತು ಕಾಫಿ ಸೇರಿದರೆ ಮಳೆಗಾಲದ ಸಾಕ್ಸು. "ಬಚ್ಚಲಲ್ಲಿ ಇಲಿ ಸತ್ತಿದೆಯೇನೋ ನೋಡು" ಅಂತ ಅಮ್ಮ ಎರಡು ಸಲ ಹುಡುಕಿಸಿದ್ದಾರೆ.

ಮೊದಲ ರೀಲು. ಅಂಗಡಿಯಲ್ಲಿ ಸೋಡಾ ಕೊಡಿ ಅಂದೆ, ಕೊಟ್ಟರು. ತೂಕ ಹಾಕಿದೆ, ಬೆರೆಸಿದೆ, ತೊಳೆದೆ. ಟ್ಯಾಂಕಿಂದ ತೆಗೆದರೆ ಗಾಜಿನ ಹಾಗೆ ಖಾಲಿ. ಇಲ್ಲಿ ಒಂದು ಉಪಯೋಗದ ಮಾತು. ಫಿಲ್ಮಿನ ಅಂಚಿನಲ್ಲಿ ಕಂಪನಿ ಹೆಸರು, ನಂಬರು ಇರುತ್ತದಲ್ಲ, ಅದನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ. ಅಂಚಿನ ಅಕ್ಷರ ಬಂದು ಚಿತ್ರ ಬಾರದಿದ್ದರೆ ತಪ್ಪು ಕ್ಯಾಮೆರಾದ್ದು. ಅಕ್ಷರವೂ ಬಾರದಿದ್ದರೆ ತಪ್ಪು ಡೆವಲಪರ್‌ದು. ನನ್ನ ರೀಲಿನಲ್ಲಿ ಅಕ್ಷರವೂ ಇರಲಿಲ್ಲ. ಪೊಟ್ಟಣ ತೆಗೆದು ನೋಡಿದರೆ ಅಡುಗೆ ಸೋಡಾ. ಬೋಂಡಾಕ್ಕೆ ಹಾಕುವುದು. ಅದರ ಕ್ಷಾರ ಸಾಲದು, ಕಾಫಿ ಏಳುವುದೇ ಇಲ್ಲ.

ಅಡುಗೆ ಸೋಡಾವನ್ನೇ ವಾಷಿಂಗ್ ಸೋಡಾ ಮಾಡಬಹುದು. ಕಬ್ಬಿಣದ ಬಾಣಲೆ ಇಡಿ. ಅಲ್ಯೂಮಿನಿಯಂ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಪುಡಿ ಹಾಕಿ ಒಲೆ ದೊಡ್ಡದು ಮಾಡಿ, ಸೌಟಿನಿಂದ ಕೈಯಾಡಿಸುತ್ತಾ ಇರಿ. ಸ್ವಲ್ಪ ಹೊತ್ತಿಗೆ ಒಣ ಪುಡಿ ಕುದಿಯಲು ಶುರುಮಾಡುತ್ತದೆ. ನೀರೇ ಇಲ್ಲ, ಆದರೂ ರವೆ ಗಂಜಿಯ ಹಾಗೆ ಅಲ್ಲಲ್ಲಿ ಪುಸ್ ಪುಸ್ ಅಂತ ಗುಳಿ ಬಿದ್ದು ಏಳುತ್ತದೆ. ಒಳಗಿನ ನೀರು ಮತ್ತು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಿರುವುದು ಅದು. ಕುದಿ ನಿಂತು ಪುಡಿ ಮಂಕಾದ ಮೇಲೆ ತೂಕ ಹಾಕಿ. 100 ಗ್ರಾಂ ಹಾಕಿದ್ದರೆ 63 ಗ್ರಾಂ ಸಿಗಬೇಕು. ಇನ್ನೂ ಜಾಸ್ತಿ ತೂಗಿದರೆ ಮತ್ತೆ ಒಲೆಗೆ. ಕಣ್ಣಿಗೆ, ಮೂಗಿಗೆ ಹಾರದಂತೆ ನೋಡಿಕೊಳ್ಳಿ, ಇದು ಬೋಂಡಾ ಸೋಡಾ ಅಲ್ಲ ಈಗ.

ಎರಡನೇ ರೀಲು ಚೆನ್ನಾಗಿ ಬಂತು, ನೀರು ಬಿದ್ದ ಮೇಲೆ ಕೆಟ್ಟಿತು. ಏಪ್ರಿಲ್ ತಿಂಗಳು. ಡೆವಲಪರ್ ಬಟ್ಟಲನ್ನು ಐಸಿನಲ್ಲಿಟ್ಟು 20 ಡಿಗ್ರಿಗೆ ತಂದಿದ್ದೆ, ಬಹಳ ಶ್ರದ್ಧೆಯಿಂದ. ಆಮೇಲೆ ತೊಳೆಯಲು ಸೀದಾ ನಲ್ಲಿಗೆ ಹಿಡಿದೆ. ತಾರಸಿಯ ಕಪ್ಪು ಟ್ಯಾಂಕಿನ ನೀರು, ಕೈ ಚುರುಗುಟ್ಟುತ್ತಿತ್ತು. ತಣ್ಣಗಿದ್ದ ಜೆಲಟಿನ್ ಒಮ್ಮೆಲೇ ಬಿಸಿ ಕಂಡು ಸುಕ್ಕುಗಟ್ಟಿತು. ನೆಗೆಟಿವ್ ತುಂಬ ಬೇಸಿಗೆಯ ಕೆರೆ ಅಂಗಳದ ಬಿರುಕು. ಅವತ್ತಿನಿಂದ 20 ಡಿಗ್ರಿಯ ಆಸೆ ಬಿಟ್ಟೆ. ಮಣ್ಣಿನ ಗಡಿಗೆಯಲ್ಲಿ ರಾತ್ರಿ ನೀರು ತುಂಬಿಡುತ್ತೇನೆ. ಡೆವಲಪರ್, ಆಮೇಲೆ ಮಿಕ್ಕ ಬೆಳ್ಳಿಯ ಉಪ್ಪನ್ನು ಕರಗಿಸಿ ತೆಗೆಯುವ ಹೈಪೋ, ತೊಳೆಯುವ ನೀರು ಎಲ್ಲಕ್ಕೂ ಅದೇ ಗಡಿಗೆ. 26 ಡಿಗ್ರಿ ಇದ್ದರೆ 9 ನಿಮಿಷ, ಸಾಕು. ಎಲ್ಲ ಒಂದೇ ಹದದಲ್ಲಿರಬೇಕು, ಅಷ್ಟೇ. ನಮ್ಮ ಒಣ ಹವೆಯಲ್ಲಿ ಗಡಿಗೆ ಚೆನ್ನಾಗಿ ತಣಿಸುತ್ತದೆ. ಅಂದಹಾಗೆ, ಕಲರ್ ಫಿಲ್ಮಿನ ಮಾಮೂಲಿ ಡೆವಲಪರ್‌ಗೆ ಬೇಕಾದದ್ದು 38 ಡಿಗ್ರಿ. ಬೇರೆ ದೇಶದವರು ಅದಕ್ಕೆ ಹೀಟರ್ ಕೊಳ್ಳುತ್ತಾರೆ. ದಾವಣಗೆರೆಯವರಿಗೆ ಏಪ್ರಿಲ್ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಮುಗಿಯಿತು.

ಮೂರು, ನಾಲ್ಕು, ಐದು. ಇವು ಅಕ್ಕನ ಊರಿನಲ್ಲಿ ಹೋದವು, ಚಳ್ಳಕೆರೆ ಹತ್ತಿರ. ಯುಗಾದಿಗೆ ಹೊರಟಿದ್ದೆ. ದಾರಿಯಲ್ಲಿ ದುರ್ಗದಲ್ಲಿ ಇಳಿದು ಕೋಟೆ ಹತ್ತಿ ಮೂರು ರೀಲು ಹೊಡೆದೆ. ಅಷ್ಟೊತ್ತಿಗೆ ದಾವಣಗೆರೆಯಲ್ಲಿ ಅದೇ ಅಳತೆಯಲ್ಲಿ ತುಂಡು ರೀಲುಗಳನ್ನು ತೊಳೆದು ಕೈ ಕುದುರಿತ್ತು, ಧೈರ್ಯ ಇತ್ತು. ರಾತ್ರಿ ಅಕ್ಕನ ಮನೆಯ ಬಚ್ಚಲಲ್ಲಿ ಬಿಂದಿಗೆ ನೀರು ತಗೊಂಡು ಸೋಡಾ ಹಾಕಿದೆ. ಕಾಫಿ ಇನ್ನೂ ಮುಟ್ಟಿಲ್ಲ, ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಕರಗುತ್ತದೆ ಬಿಡು ಅಂದುಕೊಂಡೆ. ನೆಗೆಟಿವ್ ಮೇಲೆ ಮರಳು ಎರಚಿದ ಹಾಗೆ ಬಿಳಿ ಚುಕ್ಕೆ, ಚಿತ್ರವೂ ತೆಳ್ಳಗೆ. ಊರಿನ ಅಂಗಡಿಯ ಕಾಫಿ ಪುಡಿ ಸರಿ ಇಲ್ಲ ಅಂತ ಬೈದುಕೊಂಡೆ. ಮಾರನೇ ದಿನ ಚಳ್ಳಕೆರೆಯಿಂದ ಬೇರೆ ಕಾಫಿ ತರಿಸಿದೆ, ಅದೇ ಮಜ್ಜಿಗೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಆ ನೀರಲ್ಲಿ ಬೇಳೇನೇ ಬೇಯಲ್ಲ ಕಣೋ. ನಿನ್ನ ಫೋಟೋ ಎಲ್ಲಿಂದ ಬೇಯುತ್ತೆ?"

ಬೋರಿನ ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ ಸೋಡಾ ಕಂಡ ಕೂಡಲೇ ಬಿಳಿ ಪುಡಿಯಾಗಿ ಹೊರಬೀಳುತ್ತದೆ. ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ. ದಾವಣಗೆರೆಯಲ್ಲಿ ನಮ್ಮ ನಲ್ಲಿಗೆ ಬರುವುದು ಭದ್ರಾ ಕಾಲುವೆಯಿಂದ ಕುಂದುವಾಡ ಕೆರೆಗೆ ತುಂಬಿಸಿದ ನೀರು. ಹಾಗಾಗಿ ಅಲ್ಲಿ ಈ ತೊಂದರೆ ಗೊತ್ತೇ ಆಗಿರಲಿಲ್ಲ. ಅಕ್ಕ ಬೇಳೆಗೆ ಅಂತ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರಿಸುತ್ತಾಳೆ. ಅದರಲ್ಲಿ ಐದನೇ ರೀಲು ತೊಳೆದೆ. ಚುಕ್ಕೆ ಮಾಯ. ಆದರೆ ಚಿತ್ರ ಇನ್ನೂ ತೆಳ್ಳಗೆ!

ನೀರಿನ ಮೇಲೆ ತಪ್ಪು ಹೊರಿಸಿ ಕೂರುವ ಹಾಗಿರಲಿಲ್ಲ. ಈ ಸಲ ಬಾಣಲೆಯ ರಗಳೆ ಬೇಡ ಅಂತ ಸಂತೆಯಲ್ಲಿ ವಾಷಿಂಗ್ ಸೋಡಾವನ್ನೇ ಕೊಂಡಿದ್ದೆ. ಕಲ್ಲುಸಕ್ಕರೆಯಂಥ ಹರಳು. ಆ ಹರಳಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ನನ್ನ 54 ಗ್ರಾಂನಲ್ಲಿ ಸೋಡಾ ಇದ್ದದ್ದು 20 ಗ್ರಾಂ. ಹರಳಾದರೆ 146 ಗ್ರಾಂ ಹಾಕಬೇಕಿತ್ತು. ಹಾಗಂತ ಅದನ್ನೂ ನಂಬುವಂತಿಲ್ಲ. ಪೊಟ್ಟಣ ಬಿಚ್ಚಿಟ್ಟರೆ ನಮ್ಮ ಕಡೆಯ ಒಣ ಗಾಳಿಗೆ ಹರಳು ತಾನೇ ನೀರು ಬಿಟ್ಟು ಮೇಲೆಲ್ಲ ಬಿಳಿ ಹಿಟ್ಟಾಗುತ್ತದೆ. ಅರ್ಧ ಹರಳು ಅರ್ಧ ಹಿಟ್ಟು, ಯಾವ ಲೆಕ್ಕ ಹಿಡಿಯುತ್ತೀರಿ? ಮತ್ತೆ ಬಾಣಲೆಯೇ ಗತಿ. ಬಿಸಿ ತಾಗಿದರೆ ಹರಳು ಮೊದಲು ತನ್ನ ನೀರಲ್ಲೇ ಕರಗಿ ಪಾನಕ ಆಗುತ್ತದೆ, ಆಮೇಲೆ ಕುದಿದು ಒಣಗಿ ಪುಡಿ. 100 ಗ್ರಾಂಗೆ 37 ಗ್ರಾಂ ಉಳಿಯುತ್ತದೆ. ಈಗ ನನ್ನ ಮನೆಯಲ್ಲಿ ಯಾವ ಸೋಡಾ ಬಂದರೂ ಮೊದಲು ಬಾಣಲೆ ಹತ್ತಬೇಕು. ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ.

ಆರನೇ ರೀಲಿನಿಂದ ನೆಮ್ಮದಿ. ಅಲ್ಲಿ ಗೋಡೆಗೆ ಹಾಕಿದ್ದೇನಲ್ಲ, ಕೋಟೆಯ ಬಂಡೆಗಳ ಚಿತ್ರ, ಎರಡನೇ ಸಲ ದುರ್ಗಕ್ಕೆ ಹೋಗಿ ಅದೇ ಜಾಗದಲ್ಲಿ ತೆಗೆದದ್ದು. ಬಿಸಿಲಿಗೆ ಮೈಯೊಡ್ಡಿದ ಬಂಡೆ ಚೆನ್ನಾಗಿ ಬಂದಿದೆ, ಕಲ್ಲಿನ ಒರಟು ಕೈಗೆ ಸಿಗುವಂತಿದೆ. ಆದರೆ ಓಬವ್ವನ ಕಿಂಡಿಯ ಒಳಗಿನ ನೆರಳು ನೋಡಿ, ಏನೂ ಇಲ್ಲ. ನೆರಳಿನ ಸಣ್ಣ ವಿವರವನ್ನು ಫಾಗ್ ನುಂಗಿಬಿಡುತ್ತದೆ. ಹಳೆ ರೀಲಿನಲ್ಲಿ ನೆರಳನ್ನು ಹುಡುಕಬೇಡಿ, ಬಿಸಿಲಿರುವ ಕಡೆ ಹೋಗಿ. ಕೆಲವರು ಈ ಮಂಜು, ಈ ಕಲೆಗಳನ್ನೇ ಕಲೆ ಅನ್ನುತ್ತಾರೆ. ನನಗೆ ಅಷ್ಟು ಉದಾರ ಮನಸ್ಸಿಲ್ಲ.

ಹೈಪೋ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಇದು ಬೆಳ್ಳಿಯ ಉಪ್ಪನ್ನು ಕರಗಿಸುತ್ತದೆ ಅಂತ ಕಂಡುಕೊಂಡಿದ್ದ. ಇವತ್ತು ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ ಸಿಗುತ್ತದೆ, ನೀರಿನ ಕ್ಲೋರಿನ್ ತೆಗೆಯಲು ಇಟ್ಟಿರುತ್ತಾರೆ. ಲೀಟರಿಗೆ 250 ಗ್ರಾಂ. ಫಿಲ್ಮಿನ ತುದಿಯೊಂದನ್ನು ಅದ್ದಿ ಎಷ್ಟು ಹೊತ್ತಿಗೆ ಪಾರದರ್ಶಕ ಆಗುತ್ತದೆ ನೋಡಿ, ಅದರ ಎರಡರಷ್ಟು ಹೊತ್ತು ಇಡಿ. ಬಳಸಿದ ಹೈಪೋ ಗಿಡಕ್ಕೆ, ಚರಂಡಿಗೆ ಸುರಿಯಬೇಡಿ, ಅದರಲ್ಲಿ ಬೆಳ್ಳಿ ಇದೆ. ಮಾವನ ಕಾಲದಲ್ಲಿ ಅದನ್ನು ಕೊಳ್ಳಲು ಜನ ಕ್ಯಾನ್ ಹಿಡಿದು ಬರುತ್ತಿದ್ದರಂತೆ.

ಪ್ಯಾರಾಸಿಟಮಾಲ್ ಮಾತ್ರೆಯಿಂದಲೂ ಡೆವಲಪರ್ ಮಾಡುತ್ತಾರೆ. 1891ರಲ್ಲಿ ಬಂದ ರೋಡಿನಾಲ್ ಅನ್ನುವ ಹಳೆ ಡೆವಲಪರಿನ ಮನೆಮದ್ದು ಅದು. ಅದಕ್ಕೆ ಕಾಸ್ಟಿಕ್ ಸೋಡಾ ಬೇಕು. ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಮಕ್ಕಳಿರುವ ಮನೆಯಲ್ಲಿ ನಾನು ಮಾಡುವುದಿಲ್ಲ, ಅಳತೆಯನ್ನೂ ಇಲ್ಲಿ ಹೇಳುವುದಿಲ್ಲ.

ಈಗ ಹದಿನಾಲ್ಕನೇ ರೀಲು. ಇದು ಫೋಟೋ ಹೊಡೆದಾಗಿದ್ದ ರೀಲು. ರಬ್ಬರ್ ಬ್ಯಾಂಡ್ ಹಾಕಿ ಒಂದು ಚೀಟಿ ಸಿಕ್ಕಿಸಿತ್ತು, ಮಾವನ ಅಕ್ಷರ. "ಅಡ್ವಾನ್ಸ್ 20 ರೂ." ಅಷ್ಟೇ. ಹೆಸರಿಲ್ಲ, ಊರಿಲ್ಲ. ಗಿರಾಕಿ ತೊಳೆಯಲು ಕೊಟ್ಟು ವಾಪಸ್ ಬಂದಿಲ್ಲ, ಅಥವಾ ಬಂದಾಗ ರೀಲು ಸಿಕ್ಕಿಲ್ಲ. ಇದನ್ನೂ ಕಾಫಿಗೆ ಹಾಕಲಾ ಅಂತ ಮಾವನನ್ನು ಕೇಳಿದೆ. ಅವರಿಗೆ ಸಿಟ್ಟು ಬಂತು. "ಅದು ನಿನ್ನ ರೀಲಾ? ಬೇರೆಯವರ ಮಾಲಿನ ಮೇಲೆ ಆಟ ಆಡ್ತೀಯಾ?"

ಅವರೇ ತಕ್ಕಡಿ ಹುಡುಕಿ ತಂದರು. ಕಾಗದ ನೋಡದೆ ಬಾಯಲ್ಲೇ ಹೇಳಿದರು, ಡಿ 76 ಅನ್ನುವ ಹಳೆ ಡೆವಲಪರಿನ ಅಳತೆ. ಲೀಟರಿಗೆ ಮೆಟಾಲ್ 2 ಗ್ರಾಂ, ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೊರಾಕ್ಸ್ 2. ಬೊರಾಕ್ಸ್ ಅಂದರೆ ಅಕ್ಕಸಾಲಿಗರ ಬಿಳಿಗಾರ. ಅದನ್ನು ಚಿನ್ನದ ಅಂಗಡಿ ಬೀದಿಯಿಂದ ತಂದೆ, ಮಿಕ್ಕಿದ್ದನ್ನು ತರಿಸಿಕೊಂಡೆವು. ಮನೆಯಲ್ಲಿ ಡೆವಲಪರ್ ಮಾಡುವುದು ನನ್ನ ಹೊಸ ಶೋಧ ಅಂತ ಬೀಗುತ್ತಿದ್ದೆ. ಅವರು ಮೂವತ್ತು ವರ್ಷ ಅದೇ ಮಾಡಿದ್ದರು. ಮೊದಲು ಸಲ್ಫೈಟ್ ಒಂದೇ ಒಂದು ಚಿಟಿಕೆ ಹಾಕಿ, ಆಮೇಲೆ ಮೆಟಾಲ್ ಹಾಕಿದರು, ಉಳಿದ ಸಲ್ಫೈಟ್ ಮೆಟಾಲ್ ಕರಗಿದ ಮೇಲೆ. ಸಲ್ಫೈಟ್ ಮೊದಲೇ ಜಾಸ್ತಿ ಇದ್ದರೆ ಮೆಟಾಲ್ ಕರಗಲು ಒಪ್ಪುವುದಿಲ್ಲ. ಆ ಚಿಟಿಕೆಯ ಅಳತೆ ಯಾವ ಪುಸ್ತಕವೂ ಬೇಡದೆ ಅವರ ಬೆರಳಿಗೆ ಗೊತ್ತಿತ್ತು.

ಮೂವತ್ತಾರರಲ್ಲಿ ಏಳು ಚಿತ್ರ ಕಾಣುವಂತೆ ಬಂದವು. ಹೂವಿನ ಹಾರ ಹಾಕಿದ ಹೊಸ ಟ್ರ್ಯಾಕ್ಟರ್. ಚಕ್ರದ ಪಕ್ಕ ನಿಂಬೆಹಣ್ಣು ಇಡುತ್ತಿರುವ ಹೆಂಗಸು, ಮುಖ ಮಸುಕು. ಟ್ರೇಲರ್ ಮೇಲೆ ಸಾಲಾಗಿ ಕೂತ ಮಕ್ಕಳು. ಮಾವ ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ನೋಡಿದರು, ಯಾರೂ ಗುರುತು ಸಿಗಲಿಲ್ಲ. ಏಳನ್ನೂ ಪ್ರಿಂಟ್ ಹಾಕಿಸಿ ಕವರಿನಲ್ಲಿಟ್ಟು ಆ ಚೀಟಿಯನ್ನು ಅದರ ಮೇಲೆ ಅಂಟಿಸಿದ್ದಾರೆ. "ಇಪ್ಪತ್ತು ರೂಪಾಯಿ ಇಸ್ಕೊಂಡಿದೀನಪ್ಪಾ" ಅನ್ನುತ್ತಾರೆ. ನಿಮ್ಮಲ್ಲಿ ಯಾರಿಗಾದರೂ ಆ ಟ್ರ್ಯಾಕ್ಟರ್ ಗುರುತು ಸಿಕ್ಕರೆ ಹೇಳಿ, ಎರಡನೇ ಸಾಲಿನ ಕೊನೆಯ ಚಿತ್ರ.

ಮಾತು ಮುಗಿದ ಮೇಲೆ ಮಂಡಕ್ಕಿ ಮೆಣಸಿನಕಾಯಿ ಬಂತು, ಪ್ರಶ್ನೆಗಳೂ ಬಂದವು. ಹಿಂದೆ ಬಟ್ಟೆ ಒಗೆಯಲು ಬಳಸುತ್ತಿದ್ದ ಚೌಳು ಮಣ್ಣು ಸೋಡಾದ ಬದಲಿಗೆ ಆಗುತ್ತದಾ ಅಂತ ಒಬ್ಬ ಹಿರಿಯರು ಕೇಳಿದರು. ಮಾಡಿ ನೋಡಿಲ್ಲ ಅಂದೆ. ಕಲರ್ ರೀಲು ಕಾಫಿಯಲ್ಲಿ ತೊಳೆದರೆ ಬಣ್ಣ ಬರುತ್ತದಾ ಅಂತ ಒಬ್ಬ ಹುಡುಗಿ ಕೇಳಿದಳು. ಬರಲ್ಲ, ಕಪ್ಪು ಬಿಳುಪೇ ಬರುತ್ತದೆ, ಕಿತ್ತಳೆ ಬಣ್ಣದ ಹಾಳೆಯ ಮೇಲೆ.

ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರು ಕೊನೆಗೆ ಹತ್ತಿರ ಬಂದರು. ಕಾಫಿ, ಟೀ ಎಲ್ಲ ಆಗುತ್ತದೆ ಅಂದರೆ ಒಗರು ಇರುವುದೆಲ್ಲ ಆಗಬೇಕಲ್ವಾ, ಅಡಿಕೆ ಬೇಯಿಸಿದ ಚೊಗರು ಯಾಕೆ ಆಗಬಾರದು ಅಂದರು. ಒಳ್ಳೆ ಪ್ರಶ್ನೆ. ಫೋಟೋಗ್ರಫಿಯ ಶುರುವಿನಲ್ಲಿ, 1840ರ ಹೊತ್ತಿಗೆ, ಅದನ್ನು ಶುರುಮಾಡಿದವರಲ್ಲಿ ಒಬ್ಬನಾದ ಇಂಗ್ಲೆಂಡಿನ ಟಾಲ್ಬಟ್ ಬಳಸಿದ ಗ್ಯಾಲಿಕ್ ಆಮ್ಲವೂ ಗಿಡದ ಒಗರಿನಿಂದಲೇ ಬರುವ ವಸ್ತು. ಮುಂದಿನ ವಾರವೇ ಅವರು ಒಂದು ಲೀಟರ್ ಚೊಗರು ಬಸ್ಸಿನಲ್ಲಿ ಕಳಿಸಿಕೊಟ್ಟರು. ಇಟ್ಟಿಗೆ ಕೆಂಪು, ಜಿಗುಟು. ಸೋಡಾ ಬಾಣಲೆಯಲ್ಲಿದೆ. 'ಇಂದು' ರೀಲಿನಿಂದ ಒಂದು ಗೇಣು ಕತ್ತರಿಸಿ ಇಟ್ಟಿದ್ದೇನೆ.